ಕೊನೆಯ ಹೊತ್ತಿನಲ್ಲಿ ಜೊತೆ ನಿಂತವರಿಗೆಲ್ಲ ವಂದನೆ

ನಮ್ಮ ಕಥೋಲಿಕ ಧರ್ಮಕೇಂದ್ರದ (ಚರ್ಚಿನ) ರೋಗಿ ಭೇಟಿ ಬಳಗಕ್ಕೆ ಈ ನವೆಂಬರಿಗೆ 10 ವರ್ಷ ತುಂಬಿತು. ಮೃತರನ್ನು ನೆನೆಯುವ ತಿಂಗಳು. ಋಣ ಇರುವವರ ಹೆಸರು ಬರೆಯುತ್ತಾ ಹೋದರೆ ಮುಗಿಯುವುದಿಲ್ಲ, ಹಾಗಾಗಿ ಮಾಡಿದ ಕೆಲಸವನ್ನೇ ಹೇಳಿ ಕೈಮುಗಿಯುತ್ತೇವೆ.

ಮೊದಲು, ನಡುರಾತ್ರಿ ಫೋನ್ ಎತ್ತಿ ‘ಬಂದೆ’ ಎಂದ ಗುರುಗಳಿಗೆ, ನಮ್ಮ ಪಾದ್ರಿಗಳಿಗೆ. ರೋಗಿಗಳ ಅಭ್ಯಂಗ, ಅಂದರೆ ಪ್ರಾರ್ಥಿಸುತ್ತಾ ಪವಿತ್ರ ಎಣ್ಣೆ ಹಚ್ಚುವುದು, ಅವರಿಂದ ಮಾತ್ರ ಆಗುವ ಸಂಸ್ಕಾರ. ಹಣೆಗೆ, ಎರಡೂ ಕೈಗೆ ಎಣ್ಣೆ. ಐಸಿಯುನಲ್ಲಿ ಕೈತುಂಬ ಸೂಜಿ, ಪಟ್ಟಿ ಇದ್ದಾಗ ಹಣೆಯೊಂದೇ ಸಾಕು. ಜೀವ ಇದೆಯೋ ಹೋಯಿತೋ ಎಂಬ ಅನುಮಾನವಿದ್ದರೂ ಕೊಡಬಹುದು. ಹೋದದ್ದು ಖಚಿತವಾದ ಮೇಲೆ ಅಭ್ಯಂಗವಿಲ್ಲ, ಮೃತರಿಗಾಗಿ ಪ್ರಾರ್ಥನೆ ಮಾತ್ರ.

ಬೇಗ ಹೇಳಿಕಳಿಸಿದ ಮನೆಯವರಿಗೆ ವಿಶೇಷ ಕೃತಜ್ಞತೆ. ಗುರುಗಳು ಮನೆಗೆ ಬಂದರೆ ಸಾವು ಹತ್ತಿರ ಬಂತೆಂದು ರೋಗಿ ಹೆದರುತ್ತಾರೆ ಎಂದು ತಡಮಾಡುವುದೇ ನಾವು ಕಂಡ ದೊಡ್ಡ ತಪ್ಪು. ಪ್ರಜ್ಞೆ ಇರುವಾಗಲೇ ಕರೆದರೆ ಪಾಪನಿವೇದನೆ, ಅಭ್ಯಂಗ, ಪರಮಪ್ರಸಾದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ಮೂರೂ ಸಿಗುತ್ತವೆ. ಲೋಕ ಬಿಟ್ಟು ಹೊರಟವರಿಗೆಂದೇ ಇರುವ ಸಂಸ್ಕಾರ ಅಭ್ಯಂಗವಲ್ಲ, ಕೊನೆಯ ಪರಮಪ್ರಸಾದ. ಅದರ ಲ್ಯಾಟಿನ್ ಹೆಸರು ವಿಯಾಟಿಕಂ, ನಮ್ಮ ಮಾತಿನಲ್ಲಿ ದಾರಿಬುತ್ತಿ. ನುಂಗುವುದು ಕಷ್ಟವಾದರೆ ಸಣ್ಣ ಚೂರು, ಮೇಲೊಂದು ಚಮಚ ನೀರು. ಆದರೆ ಬಾಯಿಗೆ ಏನಾದರೂ ಕೊಡಬಹುದೇ ಎಂದು ನರ್ಸನ್ನು ಮೊದಲು ಕೇಳಬೇಕು.

ಜಪಗಳನ್ನು ಬಾಯಿಪಾಠ ಬಲ್ಲ ನಮ್ಮ ಅಜ್ಜಿಯರಿಗೆ ಏನು ಹೇಳಿದರೂ ಕಡಿಮೆಯೇ. ಹತ್ತು ಜನ ಸೇರಿ ಗಟ್ಟಿ ದನಿಯಲ್ಲಿ ಮಣಿ ಎಣಿಸುತ್ತಾ ಹೇಳುವ ಇಡೀ ಜಪಸರ, ಸಾಲುಸಾಲಾಗಿ ಕರೆದು ಬೇಡುವ ಪ್ರಾರ್ಥನಾಮಾಲೆ ಮುಗಿಸಿದರೆ ಮಲಗಿದವರಿಗೆ ಆಯಾಸ. ನಿಧಾನ, ಮೆಲುದನಿ, ನಡುನಡುವೆ ಮೌನ: ಧರ್ಮಸಭೆಯ ವಿಧಿಪುಸ್ತಕ ಹೇಳುವುದೂ ಇದನ್ನೇ. ಅಜ್ಜಿಯರು ಮಾಡುವುದು ನೋಡಿ. ಕಿವಿಯ ಹತ್ತಿರ ಬಾಗಿ, ರೋಗಿ ಉಸಿರು ಬಿಡುವಾಗ ‘ಯೇಸುವೇ’, ಮುಂದಿನ ಉಸಿರಿಗೆ ‘ಮರಿಯಾ’, ಅದರ ಮುಂದಿನದಕ್ಕೆ ‘ಜೋಸೆಫ್’. ಸುಮ್ಮನೆ ಒಂದು ನಿಮಿಷ. ಮತ್ತೆ ಅದೇ. ಹೆಬ್ಬೆರಳಿನಿಂದ ಹಣೆಯ ಮೇಲೆ ಶಿಲುಬೆ ಗುರುತು, ಹುಟ್ಟಿದ ಹೊಸದರಲ್ಲಿ ಜ್ಞಾನಸ್ನಾನದ ದಿನ ಹಾಕಿದಂತೆಯೇ. ಗೋಡೆಯ ಶಿಲುಬೆ ತಲೆಯ ಹಿಂದಿದ್ದರೆ ಮಲಗಿದವರಿಗೆ ಕಾಣದು; ಅದನ್ನು ಇಳಿಸಿ ಕಣ್ಣೆದುರು ಹಿಡಿಯಲು ಕಲಿಸಿದವರೂ ಇವರೇ.

ಒಂದು ಜಪಸರದಲ್ಲಿ 53 ನಮೋ ಮರಿಯಾ ಜಪ; ಪ್ರತಿಯೊಂದರ ಕೊನೆಗೂ ಮರಣದ ಹೊತ್ತಿಗಾಗಿ ಬೇಡುವ ಸಾಲಿದೆ. ದಿನವೂ ಜಪಸರ ಹೇಳಿದ ರೋಗಿಯದಾದರೆ, ದಿನಕ್ಕೆ 53 ಸಲ ‘ನಮ್ಮ ಮರಣದ ಸಮಯದಲ್ಲೂ’ ಎಂದು ಬೇಡಿದ ಬಾಯಿ ಅದು. ಮಾತು ನಿಂತ ಮೇಲೂ ಆ ಸಾಲಿಗೆ ತುಟಿ ಅಲುಗುವುದುಂಟು.

ಗುರುಗಳು ತಲುಪಲಾಗದ ಕಡೆ ಧೈರ್ಯ ಮಾಡಿದವರಿಗೂ ವಂದನೆ. ‘ಕ್ರೈಸ್ತ ಆತ್ಮವೇ, ಹೊರಡು’ ಎಂದು ಬೀಳ್ಕೊಡುವ ಪ್ರಾರ್ಥನೆಯನ್ನು ಮನೆಯವರೇ ಹೇಳಬಹುದು. ದೇವರ ಮೇಲಿನ ಪ್ರೀತಿಯಿಂದ ಹುಟ್ಟಿದ ಪಶ್ಚಾತ್ತಾಪ, ಅವಕಾಶ ಸಿಕ್ಕೊಡನೆ ಪಾಪನಿವೇದನೆ ಮಾಡುವ ಸಂಕಲ್ಪ ಇದ್ದರೆ ಕ್ಷಮೆ ಇದೆ. ಜೀವಮಾನದಲ್ಲಿ ಪ್ರಾರ್ಥಿಸುವ ರೂಢಿ ಇದ್ದವರಿಗೆ, ಯೋಗ್ಯ ಮನಃಸ್ಥಿತಿಯಿದ್ದರೆ, ಗುರುಗಳಿಲ್ಲದಿದ್ದರೂ ಸಾವಿನ ಗಳಿಗೆಯಲ್ಲಿ ಪೂರ್ಣ ದಂಡವಿಮೋಚನೆಯನ್ನು (ಕ್ಷಮೆಯಾದ ಪಾಪಗಳಿಗೆ ಉಳಿದ ಶಿಕ್ಷೆಯ ಸಂಪೂರ್ಣ ಮನ್ನಾ) ಧರ್ಮಸಭೆಯೇ ಕೊಡುತ್ತದೆ. ಕೊರೋನಾ ಶುರುವಾದಾಗ, 2020ರ ಮಾರ್ಚ್ 20ರಂದು, ರೋಮ್, ಅಂದರೆ ಪೋಪರ ಆಡಳಿತ, ಇದನ್ನೇ ಮತ್ತೆ ಸಾರಿತು. ಆ ದಿನಗಳಲ್ಲಿ ರೋಗಿಯ ಕಿವಿಗೆ ಫೋನ್ ಹಿಡಿದು, ಹೊರಗಿದ್ದ ಮಕ್ಕಳ ಜಪ ಕೇಳಿಸಿದ ನರ್ಸಮ್ಮಂದಿರೇ, ನಿಮ್ಮಲ್ಲಿ ಹಲವರು ನಮ್ಮ ಧರ್ಮದವರಲ್ಲ. ನಿಮ್ಮ ಪಾದಕ್ಕೆ ನಮಸ್ಕಾರ.

ಟಿವಿ ಆರಿಸಿ, ಕುರ್ಚಿ ತಂದುಕೊಟ್ಟು, ಜಪ ಬಾರದಿದ್ದರೂ ಬಾಗಿಲಲ್ಲಿ ತಲೆಬಾಗಿ ನಿಂತ ವಠಾರದವರಿಗೂ, ಕೊನೆಯುಸಿರು ನಿಂತಾಗ ನುಗ್ಗಿಬಂದ ಅಳುವನ್ನು ಸೆರಗಿನಲ್ಲಿ ತಡೆದು, ಮಂಡಿಯೂರಿ ‘ನಿತ್ಯ ವಿಶ್ರಾಂತಿ’ಯ ಜಪವನ್ನು ಕೊನೆಯವರೆಗೂ ಹೇಳಿದ ಹೆಣ್ಣುಮಕ್ಕಳಿಗೂ ನಮ್ಮ ವಂದನೆ ಸಲ್ಲಲಿ.