ಈ ಸೆಮಿಸ್ಟರನ್ನು ದಡ ಮುಟ್ಟಿಸಿದವರಿಗೆ

ತಾಂತ್ರಿಕ ಬರವಣಿಗೆ ಮತ್ತು ವಿಮರ್ಶಾತ್ಮಕ ಓದಿನ ನಮ್ಮ ಮೊದಲ ತಂಡದ ಕೊನೆಯ ವರದಿ ನಿನ್ನೆ ಕೈಸೇರಿತು. ಎಂಜಿನಿಯರಿಂಗ್ ಓದುವವರಿಗೆ ಇದೆಲ್ಲ ಏಕೆ ಎಂಬ ಪ್ರಶ್ನೆಯ ನಡುವೆಯೇ ಶುರುವಾದ ಕೋರ್ಸ್ ಇದು. ಜೊತೆಗೆ ನಿಂತವರಿಗೆಲ್ಲ ನಾನು ಋಣಿ.

ಮೊದಲ ವಂದನೆ ವಿದ್ಯಾರ್ಥಿಗಳಿಗೆ. ಕೆಂಪು ಗೆರೆಗಳಿಂದ ತುಂಬಿದ ಪುಟ ಮರಳಿ ಬಂದಾಗ ಮುಖ ಬಾಡುವುದು ಸಹಜ. ಆದರೂ ನೀವು ಮತ್ತೆ ಕುಳಿತು ಬರೆದಿರಿ. ‘ಉಷ್ಣಾಂಶ ಹೆಚ್ಚಿಸಿದಾಗ ಉತ್ತಮ ಫಲಿತಾಂಶ ಕಂಡುಬಂದಿತು’ ಎಂದಿದ್ದ ವಾಕ್ಯ ಕೊನೆಯ ಕರಡಿನಲ್ಲಿ ಹೀಗಾಗಿತ್ತು: ‘ಉಷ್ಣಾಂಶವನ್ನು 40ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿದಾಗ ಒಣಗುವ ಅವಧಿ ಅರ್ಧಕ್ಕಿಳಿಯಿತು, ಆದರೆ ಪ್ರಯೋಗವನ್ನು ಮೂರು ಬಾರಿಯಷ್ಟೇ ಮಾಡಿದ್ದೇವೆ.’ ಯಾರೂ ಕೇಳದೆಯೇ ತಮ್ಮ ಪ್ರಯೋಗದ ಮಿತಿಯನ್ನು ಹೇಳಿಕೊಂಡ ಆ ಕೊನೆಯ ತುಣುಕು ನನಗೆ ಕೊಟ್ಟ ಸಂತೋಷವನ್ನು ಬರೆದವರು ಊಹಿಸಿರಲಾರರು.

ಓದಿನ ತರಗತಿಗಳಲ್ಲಿ ಮರೆಯಲಾಗದ್ದು, ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿದ್ದ ಪ್ರಬಂಧವನ್ನು ಕೈಗೆತ್ತಿಕೊಂಡ ದಿನ. 1998ರಲ್ಲಿ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ ಪ್ರಕಟಿಸಿ 2010ರಲ್ಲಿ ಹಿಂತೆಗೆದುಕೊಂಡ ಪ್ರಬಂಧ ಅದು. ಹಿಂತೆಗೆದ ಸಂಗತಿಯನ್ನು ನಾನು ಮೊದಲೇ ಹೇಳಿರಲಿಲ್ಲ. ಹೆಸರಾಂತ ಪತ್ರಿಕೆ ಎಂದು ತಲೆಬಾಗದೆ ಒಬ್ಬ ವಿದ್ಯಾರ್ಥಿನಿ ನೇರವಾಗಿ ವಿಧಾನದ ಭಾಗಕ್ಕೆ ಹೋದಳು. ‘ಇರುವುದು ಹನ್ನೆರಡೇ ಮಕ್ಕಳು, ಹೋಲಿಸಿ ನೋಡಲು ಬೇರೆ ಗುಂಪೇ ಇಲ್ಲವಲ್ಲ?’ ಎಂದು ಕೇಳಿದಳು. ಅಲ್ಲಿಂದ ಮುಂದೆ ತರಗತಿಯನ್ನು ನಡೆಸಿದವರು ವಿದ್ಯಾರ್ಥಿಗಳೇ.

ಪ್ರಯೋಗಾಲಯದ ಸಹೋದ್ಯೋಗಿಗಳು ತಮ್ಮ ಕೆಲಸದ ಹೊರೆಯ ನಡುವೆಯೂ ವರದಿಗಳನ್ನು ನನ್ನೊಡನೆ ಕುಳಿತು ಓದಿದರು. ಭಾಷೆ ನೆಟ್ಟಗಿದ್ದೂ ಲೆಕ್ಕ ದಾರಿ ತಪ್ಪಿದ್ದನ್ನು ಗುರುತಿಸಲು ಅವರೇ ಬೇಕು. ಒಂದು ತಂತ್ರಾಂಶ ಪೌಂಡ್‌ ಬಲದ ಲೆಕ್ಕದಲ್ಲಿ ಕೊಟ್ಟ ಅಂಕಿಗಳನ್ನು ಇನ್ನೊಂದು ನ್ಯೂಟನ್‌ ಲೆಕ್ಕವೆಂದು ತೆಗೆದುಕೊಂಡದ್ದರಿಂದ 1999ರಲ್ಲಿ ಮಂಗಳ ಗ್ರಹಕ್ಕೆ ಹೋಗಿದ್ದ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ನಾಶವಾದ ಕಥೆಯನ್ನು ಹೇಳಿ, ಪ್ರತಿ ಕೋಷ್ಟಕದಲ್ಲೂ ಏಕಮಾನ ಬರೆಯಿಸಿದವರು ಅವರು.

ತರಗತಿಯನ್ನು ಚಿಕ್ಕದಾಗಿಡಲು ಒಪ್ಪಿದ ವಿಭಾಗದ ಮುಖ್ಯಸ್ಥರಿಗೆ ವಿಶೇಷ ಕೃತಜ್ಞತೆ. ನೂರಾರು ಜನರನ್ನು ಒಟ್ಟಿಗೆ ಕೂರಿಸಿದರೆ ಅಂಕ ಕೊಡಬಹುದೇ ಹೊರತು ಬರವಣಿಗೆ ಕಲಿಸಲಾಗದು. ಕೇಳಿದ ಪ್ರಬಂಧಗಳನ್ನೆಲ್ಲ ಹುಡುಕಿಕೊಟ್ಟ ಗ್ರಂಥಾಲಯದ ಸಿಬ್ಬಂದಿಗೂ ವಂದನೆಗಳು.

ಕೆಲವು ವಿದ್ಯಾರ್ಥಿಗಳು ತಮ್ಮ ವರದಿಯನ್ನು ಮೊದಲ ಕರಡಿನ ಸಮೇತ ಮುಂದಿನ ತಂಡದವರಿಗೆ ತೋರಿಸಲು ಒಪ್ಪಿದ್ದಾರೆ. ಸಿದ್ಧ ವರದಿಯನ್ನು ಯಾರಾದರೂ ಕೊಟ್ಟಾರು. ಮೊದಲ ಕರಡನ್ನೂ ಕೊಟ್ಟ ನಿಮ್ಮ ದೊಡ್ಡ ಮನಸ್ಸಿಗೆ ನಾನು ಚಿರಋಣಿ.