ಗುಜರಿ ಅಲ್ಲ, ತಂಗೀ

ಕಾರವಾರ
ಸೋಮವಾರ ರಾತ್ರಿ

ತಂಗೀ,

ಗೋವಾದ ವಿಮಾನ ಮ್ಯೂಸಿಯಂ ನೋಡಿ ಬಂದದ್ದನ್ನು ನಿನ್ನೆ ಫೋನಿನಲ್ಲಿ ನಾನು ಅರ್ಧ ಹೇಳುವಷ್ಟರಲ್ಲೇ ನೀನು ನಕ್ಕುಬಿಟ್ಟೆ. ‘ಗುಜರಿ ನೋಡೋಕೆ ಇಡೀ ಭಾನುವಾರ ಹಾಳು ಮಾಡಿದ್ರಾ ಅಪ್ಪಾ?’ ಅಂದೆ. ಫೋನಿನಲ್ಲಿ ನನಗೆ ಸರಿಯಾಗಿ ಉತ್ತರ ಕೊಡೋಕೆ ಬರೋದಿಲ್ಲ, ನಿನಗೆ ಗೊತ್ತಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಮೂವತ್ತು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನಿಗೆ ಗುಜರಿ ಯಾವುದು, ನಿಂತ ಗಾಡಿ ಯಾವುದು ಅಂತ ಗೊತ್ತಿರೋದಿಲ್ವಾ?

ಬೆಳಿಗ್ಗೆ ಆರೂವರೆಗೆ ಹೊರಟೆವು. ನಾನು, ಆಯಿ, ನಿನ್ನ ಮಾವ, ಅವನ ಹಳೇ ವ್ಯಾನ್. ಗೋವಾದ ದಾರಿ ಹಿಡಿಯುವ ಮೊದಲು ಟ್ಯಾಗೋರ್ ಬೀಚ್ ಹತ್ತಿರ ಗಾಡಿ ನಿಲ್ಲಿಸಿ ಅಂದೆ. ಅಲ್ಲಿ ನೋಡಲು ಇಟ್ಟಿರುವ ನೌಕಾಪಡೆಯ ಹಳೇ ಟುಪೊಲೆವ್ ವಿಮಾನದ ಒಳಗೆ ನಾನು ಮೊದಲೇ ಎರಡು ಸಲ ಹೋಗಿ ಬಂದಿದ್ದೇನೆ. ಈ ಸಲ ಬೆಳಗಿನ ಬೆಳಕಿನಲ್ಲಿ ಹೊರಗಿನಿಂದ ನೋಡಬೇಕಿತ್ತು, ಅಷ್ಟೇ.

ನೀನು ಕಳೆದ ಸಲ ಬಂದಾಗ ಅದರ ಮುಂದೆ ಸೆಲ್ಫಿ ತೆಗೆದುಕೊಂಡು ಐಸ್‌ಕ್ರೀಮ್ ತಿನ್ನಲು ಓಡಿದೆ. ಇನ್ನೊಮ್ಮೆ ಬಂದಾಗ ಪ್ರೊಪೆಲರ್ ನೋಡು. ಒಂದೊಂದು ಎಂಜಿನ್ನಿಗೆ ಒಂದರ ಹಿಂದೆ ಒಂದು, ಎರಡೆರಡು ಪ್ರೊಪೆಲರ್. ಒಂದೊಂದಕ್ಕೆ ನಾಲ್ಕು ಅಲಗು. ಮುಂದಿನದು ಒಂದು ಕಡೆಗೆ ತಿರುಗಿದರೆ ಹಿಂದಿನದು ಅದರ ಉಲ್ಟಾ. ಮುಂದಿನದು ತಿರುಚಿ ಬಿಸಾಕಿದ ಗಾಳಿಯನ್ನು ಹಿಂದಿನದು ನೆಟ್ಟಗೆ ಮಾಡಿ ದೂಡುತ್ತದೆ, ಶಕ್ತಿ ಪೋಲಾಗುವುದಿಲ್ಲ. ನಾಲ್ಕು ಎಂಜಿನ್, ಒಟ್ಟು 32 ಅಲಗು. ನಾನು ಎಣಿಸುತ್ತಾ ನಿಂತಿದ್ದೆ. ಆಯಿ ‘ದೇವಸ್ಥಾನದಲ್ಲೂ ಇಷ್ಟು ಪ್ರದಕ್ಷಿಣೆ ಹಾಕಿದವರಲ್ಲ’ ಅಂದಳು.

ಒಂದೊಂದು ಎಂಜಿನ್ನಿಗೆ ಸುಮಾರು 15,000 ಅಶ್ವಶಕ್ತಿ. ನಾನು ಡಿಪೋದಲ್ಲಿ ಬಿಚ್ಚಿ ಕಟ್ಟುತ್ತಿದ್ದ ಬಸ್ಸಿನ ಎಂಜಿನ್ ನೂರು ಚಿಲ್ಲರೆಯದ್ದು. ರೆಕ್ಕೆಯ ಈ ತುದಿಯಿಂದ ಆ ತುದಿಗೆ 50 ಮೀಟರ್. ಇಷ್ಟು ದೊಡ್ಡ ಮೈ ಇಟ್ಟುಕೊಂಡು ಮಾಡುತ್ತಿದ್ದ ಕೆಲಸ ಮಾತ್ರ ಬಹಳ ಸೂಕ್ಷ್ಮದ್ದು. ಸಮುದ್ರದ ಅಡಿ ಅಡಗಿದ ಸಬ್‌ಮರೀನ್ ಹುಡುಕುವುದು. ಸೊನೊಬಾಯ್ ಅಂತ ಉದ್ದನೆಯ ಡಬ್ಬಿಗಳನ್ನು ಮೇಲಿನಿಂದ ನೀರಿಗೆ ಬಿಡುತ್ತಿತ್ತು. ಅವು ನಮ್ಮ ಬಲೆಯ ಬೆಂಡಿನ ಹಾಗೆ ತೇಲುತ್ತಾ, ನೀರಿನೊಳಗಿನ ಸದ್ದು ಕೇಳಿ ವಿಮಾನಕ್ಕೆ ಹೇಳುತ್ತಿದ್ದವು.

ನನಗೆ ಈ ವಿಮಾನದ ಪರಿಚಯ ಹಳೆಯದು. 1988ರಲ್ಲಿ ನೌಕಾಪಡೆಗೆ ಬಂದಾಗ ಇವು ಮೊದಲು ಇದ್ದದ್ದು ಗೋವಾದ ದಾಬೋಳಿಯಲ್ಲಿ. ಒಟ್ಟು ಎಂಟು ವಿಮಾನ. 1992ರಲ್ಲಿ ತಮಿಳುನಾಡಿನ ಅರಕ್ಕೋಣಂಗೆ ಹೋದವು. ಆ ನಾಲ್ಕು ವರ್ಷ ನಾನು ಇನ್ನೂ ಡಿಪೋ ಸೇರಿರಲಿಲ್ಲ, ಅಜ್ಜನ ಜೊತೆ ಏಂಡಿ ಬಲೆ, ಅಂದರೆ ದಡದಿಂದ ಎಳೆಯುವ ದೊಡ್ಡ ಬಲೆ, ಎಳೆಯಲು ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಹಗ್ಗ ಹಿಡಿದು ಮೂವತ್ತು ಜನ ಎಳೆಯುತ್ತಿದ್ದೇವೆ, ಸಮುದ್ರದ ಮೇಲಿಂದ ಒಂದು ಸದ್ದು ಶುರುವಾಯಿತು. ಜೆಟ್ಟಿನ ಹಾಗೆ ಸುಯ್ ಅಂತ ಅಲ್ಲ. ದಪ್ಪ, ಒಂದೇ ಸಮ ನಡುಗುವ ಸದ್ದು. ಕಿವಿಗಿಂತ ಮೊದಲು ಎದೆಗೆ ಕೇಳಿಸುತ್ತದೆ. ಅಜ್ಜ ಹಗ್ಗ ಬಿಟ್ಟು ಮೇಲೆ ನೋಡುತ್ತಾ ನಿಂತ. ಅವನು ಬಿಟ್ಟದ್ದು ನೋಡಿ ಉಳಿದವರೂ ಬಿಟ್ಟರು. ಬಲೆ ಸಡಿಲಾಗಿ ಅರ್ಧ ಬಂಗಡೆ ಹೋಯಿತು. ಅವತ್ತು ಮನೆಯಲ್ಲಿ ಅಜ್ಜಿ ಬೈದದ್ದು ವಿಮಾನಕ್ಕಲ್ಲ, ಅಜ್ಜನಿಗೆ.

ಆ ಪ್ರೊಪೆಲರ್ ಅಲಗಿನ ತುದಿ ಶಬ್ದಕ್ಕಿಂತ ಜೋರಾಗಿ ಓಡುತ್ತದಂತೆ, ಅದಕ್ಕೇ ಅಷ್ಟು ಸದ್ದು. ಇದು ಗೊತ್ತಾದದ್ದು ಮೊನ್ನೆ ಮೊನ್ನೆ. ಅಜ್ಜನಿಗೆ ಹೇಳಲು ಅಜ್ಜ ಇಲ್ಲ.

2017ರಲ್ಲಿ ಇವುಗಳನ್ನು ಸೇವೆಯಿಂದ ಇಳಿಸಿದರು. ಒಂದನ್ನು ವಿಶಾಖಪಟ್ಟಣದ ಬೀಚಿನಲ್ಲಿ ಇಟ್ಟರು. ನಮ್ಮದನ್ನು 2023ರಲ್ಲಿ ತುಂಡು ತುಂಡಾಗಿ ಬಿಚ್ಚಿ ಲಾರಿಗಳ ಮೇಲೆ ಅರಕ್ಕೋಣಂನಿಂದ ತಂದು ಇಲ್ಲಿ ಜೋಡಿಸಿದರು. ಪಕ್ಕದಲ್ಲಿ ಐಎನ್‌ಎಸ್ ಚಪಲ್ ಇದೆಯಲ್ಲ, ನಮ್ಮವರ ಬಾಯಲ್ಲಿ ಅದು ಚಾಪೆಲ್. 1971ರಲ್ಲಿ ಕರಾಚಿ ಸುಟ್ಟದ್ದು ಇದೇ ಹಡಗು ಅಂತ ಮಾವ ಯಾವಾಗಲೂ ಹೇಳುತ್ತಾನೆ. ಅದು ನೌಕಾಪಡೆ ಸೇರಿದ್ದೇ 1976ರಲ್ಲಿ ಮಾರಾಯಾ, ಕರಾಚಿಗೆ ಹೋದದ್ದು ಅದರ ಅಣ್ಣಂದಿರು ಅಂದೆ. ಕಾಳಿ ಸೇತುವೆ ದಾಟುವವರೆಗೂ ಅವನು ಮಾತಾಡಲಿಲ್ಲ.

ದಾರಿಯ ಬಗ್ಗೆ ಹೇಳುವಂಥದ್ದೇನಿಲ್ಲ. ಮಾಜಾಳಿ, ಕಾಣಕೋಣ, ಮಡಗಾಂವ್. ಕಾಣಕೋಣದಲ್ಲಿ ಬನ್ಸ್ ಭಾಜಿ ತಿಂದೆವು, ನಮ್ಮಲ್ಲಿಯಷ್ಟು ಚೆನ್ನಾಗಿರಲಿಲ್ಲ.

ದಾಬೋಳಿ ವಿಮಾನ ನಿಲ್ದಾಣದ ಹಿಂದೆ ಬೋಗ್ಮಾಲೊ ಬೀಚಿಗೆ ಹೋಗುವ ರಸ್ತೆಯಲ್ಲಿ ನೌಕಾಪಡೆಯ ವಿಮಾನ ಮ್ಯೂಸಿಯಂ. ವಿಮಾನಗಳು ಹೊರಗೇ ಹುಲ್ಲಿನ ಮೇಲೆ ನಿಂತಿವೆ. ನಮ್ಮ ಡಿಪೋದ ಹಿಂಭಾಗದಲ್ಲಿ ನಿಂತ ಬಸ್ಸುಗಳ ನೆನಪಾಯಿತು. ಅಲ್ಲಿ ನಿಂತ ಬಸ್ಸು ನಾಲ್ಕು ದಿನ ಹಾಗೇ ಉಳಿಯುತ್ತಿರಲಿಲ್ಲ. ಮೊದಲು ಬ್ಯಾಟರಿ, ಆಮೇಲೆ ಡೈನಮೋ, ಆಮೇಲೆ ಸೀಟು. ಓಡುವ ಗಾಡಿಗೆ ಬೇಕು ಅಂತ ನಿಂತದ್ದರಿಂದ ಕಿತ್ತುಕೊಳ್ಳುವುದೇ. ನಾನೂ ಎಷ್ಟೋ ಕಿತ್ತಿದ್ದೇನೆ. ಹಾಗೆ ಖಾಲಿಯಾಗಿ ಉಳಿದ ಚಾಸಿ ಇದೆಯಲ್ಲ, ಅದು ಗುಜರಿ. ಇಲ್ಲಿದ್ದವು ಹಾಗಲ್ಲ.

ಅತಿ ದೊಡ್ಡದು ಸೂಪರ್ ಕಾನ್ಸ್ಟಲೇಷನ್. ಮೊದಲು ಏರ್ ಇಂಡಿಯಾದಲ್ಲಿ ಪ್ರಯಾಣಿಕರನ್ನು ಹೊತ್ತು ವಿದೇಶಕ್ಕೆ ಹೋಗುತ್ತಿತ್ತು. ಆಮೇಲೆ ವಾಯುಪಡೆಗೆ, ಅಲ್ಲಿಂದ ನೌಕಾಪಡೆಗೆ. ಮೂರು ಮನೆ ಕಂಡ ವಿಮಾನ. ಬಾಲದಲ್ಲಿ ಒಂದರ ಬದಲು ಮೂರು ರೆಕ್ಕೆ ನಿಂತಿವೆ. ಮೂರರ ಬದಲು ಎತ್ತರದ್ದು ಒಂದೇ ಒಂದು ಇಟ್ಟರೆ ಆ ಕಾಲದ ಹ್ಯಾಂಗರ್ ಬಾಗಿಲಲ್ಲಿ ಹೋಗುತ್ತಿರಲಿಲ್ಲ. ನಾನು ನಿಂತದ್ದು ಎಂಜಿನ್ ಕೆಳಗೆ. ಇದು ಪಿಸ್ಟನ್ ಎಂಜಿನ್, ನನ್ನ ಜಾತಿಯದ್ದು! ನಮ್ಮ ಬಸ್ಸಿಗೆ ಆರು ಸಿಲಿಂಡರ್. ಇದರ ಒಂದು ಎಂಜಿನ್ನಿಗೆ 18, ನಾಲ್ಕಕ್ಕೆ 72. ಎಪ್ಪತ್ತೆರಡು ಸಿಲಿಂಡರಿನ ಟ್ಯಾಪೆಟ್ ಹೊಂದಿಸುವವನ ಗತಿ ಯೋಚಿಸು. ಆಯಿಗೆ ಇದನ್ನು ವಿವರಿಸಿದೆ. ‘ಅವನಿಗೂ ಹೆಂಡತಿ ಇದ್ದಿರಬೇಕಲ್ಲ ಪಾಪ’ ಅಂದಳು.

ಆಲೀಝೆ ಅಂತ ಫ್ರಾನ್ಸಿನ ವಿಮಾನ ಒಂದಿದೆ. ಅದರ ರೆಕ್ಕೆ ಮಡಚಿಡಬಹುದು, ಹಡಗಿನಲ್ಲಿ ಜಾಗ ಕಡಿಮೆ ನೋಡು. ಅದು ಮತ್ತು ಸೀ ಹಾಕ್ ಎರಡೂ ಹಳೇ ವಿಕ್ರಾಂತ್ ಹಡಗಿನ ಮೇಲಿದ್ದವು. 1971ರ ಡಿಸೆಂಬರಿನಲ್ಲಿ ಚಿತ್ತಗಾಂಗ್, ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದ್ದು ಇವೇ ಜಾತಿಯ ವಿಮಾನಗಳು. ಸೀ ಹಾಕ್ ಹಿಂಭಾಗದಲ್ಲಿ ಬಗ್ಗಿ ನೋಡಿದರೆ ಒಂದು ಕೊಕ್ಕೆ. ಹಡಗಿನ ಮೇಲೆ ಇಳಿಯುವಾಗ ಅಡ್ಡ ಕಟ್ಟಿದ ತಂತಿಗೆ ಅದು ಸಿಕ್ಕಿಕೊಂಡು ವಿಮಾನ ನಿಲ್ಲಬೇಕು. ಸಿಕ್ಕದಿದ್ದರೆ ಮತ್ತೆ ಹಾರಬೇಕು. ನಮ್ಮ ಗಾಳದ ಕೊಕ್ಕೆಯ ಹಾಗೇ ಇದೆ, ಬರೀ ದಪ್ಪ. ಪಕ್ಕದ ಸೀ ಹ್ಯಾರಿಯರ್‌ಗೆ ಮಾತ್ರ ಕೊಕ್ಕೆ ಬೇಡ. ಎಂಜಿನ್ನಿನ ಗಾಳಿ ಉಗುಳುವ ನಾಲ್ಕು ಬಾಯಿಗಳನ್ನು ಕೆಳಗೆ ತಿರುಗಿಸಿಕೊಂಡು ನೆಟ್ಟಗೆ ಇಳಿಯುತ್ತಿತ್ತು. 2016ರವರೆಗೂ ಇಲ್ಲೇ ಹಾರುತ್ತಿದ್ದದ್ದು.

ಮಾವ ಗೋಡೆಯಾಚೆ ಏನೇನು ನಿಂತಿದೆ ಅಂತ ಫೋನ್ ಎತ್ತಿ ಫೋಟೋ ಹೊಡೆಯಲು ಹೊರಟ. ಅದು ಈಗಲೂ ನಡೆಯುತ್ತಿರುವ ನೌಕಾನೆಲೆ, ಫೋಟೋ ಗೀಟೋ ಬೇಡ ಅಂತ ನಾನೇ ಫೋನ್ ಕಿತ್ತುಕೊಂಡೆ. ಪುನಃ ಮಾತು ಬಿಟ್ಟ.

ವಾಪಸ್ ಬರುವಾಗ ಕರಮಲ್ ಘಾಟಿಯಲ್ಲಿ ವ್ಯಾನ್ ಕೈಕೊಟ್ಟಿತು. ಸೀಟು ಎತ್ತಿ ನೋಡಿದರೆ ರೇಡಿಯೇಟರ್ ಹೋಸ್ ಬಿರುಕು ಬಿಟ್ಟು ನೀರೆಲ್ಲಾ ಸೋರಿದೆ. ಬೆಳಿಗ್ಗೆ 32 ಅಲಗು ಎಣಿಸಿದವನು ಹೊರಡುವ ಮೊದಲು ಈ ಒಂದು ಹೋಸ್ ನೋಡಿರಲಿಲ್ಲ. ಹಳೇ ಟ್ಯೂಬ್ ಪಟ್ಟಿ ಸುತ್ತಿ ಕಟ್ಟಿ, ಕುಡಿಯುವ ನೀರೆಲ್ಲಾ ರೇಡಿಯೇಟರಿಗೆ ಹೊಯ್ದು, ಮನೆ ಮುಟ್ಟುವಾಗ ರಾತ್ರಿ ಒಂಬತ್ತು. ಮಾವ ಆ ಹೊತ್ತಿಗೆ ಬಹಳ ಮಾತಾಡಿದ.

ಇವತ್ತು ಪಕ್ಕದ ಮನೆ ಹುಡುಗ ನನ್ನ ಫೋನಿನಲ್ಲಿ ಟುಪೊಲೆವ್ ಹಾರುವ ವಿಡಿಯೋ ಹುಡುಕಿಕೊಟ್ಟ. ಸದ್ದು ಪೂರ್ತಿ ಏರಿಸಿ ಇಟ್ಟೆ. ಸಣ್ಣ ಫೋನಿನಲ್ಲಿ ಆ ನಡುಕ ಬರೋದಿಲ್ಲ, ಆದರೂ ರಾಗ ಅದೇ. ಆಯಿ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಅಂಗಳಕ್ಕಿಳಿದು, ಆಕಾಶ ನೋಡಿದಳು.

ದೀಪಾವಳಿಗೆ ಬಾ. ಟುಪೊಲೆವ್ ಎಲ್ಲಿಗೂ ಹೋಗೋದಿಲ್ಲ. ಗೋವಾಕ್ಕೆ ಮಾತ್ರ ಸೋಮವಾರ ಬೇಡ, ಮ್ಯೂಸಿಯಂ ಬಂದ್ ಇರುತ್ತದೆ. ಹೋಸ್ ಹೊಸದು ಹಾಕಿಸಿದ್ದೇನೆ.

ನಿನ್ನ
ಅಪ್ಪ