ಮಾತು ಬಿಟ್ಟ ಮೂರು ದಿನ

ಪ್ರೀತಿಯ ಪುಟ್ಟಿಗೆ,

ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ದಿನಾ ಅರ್ಧ ಗಂಟೆ ಸುಮ್ಮನೆ ಕೂರುತ್ತೇನೆ ಅಂತ ಶುರು ಮಾಡಿ, ನಾಲ್ಕನೇ ದಿನಕ್ಕೇ ಬಿಟ್ಟೆಯಂತೆ. ಕಣ್ಣು ಮುಚ್ಚಿದರೆ ದೇವರಲ್ಲ, ಮೆಸ್ ಬಿಲ್ಲು ಮತ್ತು ರೂಮ್‌ಮೇಟ್ ಜೊತೆಗಿನ ಜಗಳವೇ ಬರುತ್ತದೆ ಅಂತ ಬರೆದಿದ್ದೀಯ. ಓದಿ ನಗು ಬಂತು. ನನ್ನದೂ ಅದೇ ಕಥೆ ಕಣೇ.

ಹೋದ ವರ್ಷ ಕೆಂಗೇರಿ ಕಡೆಯ ಆಶೀರ್ವನಂ ಮಠಕ್ಕೆ ಮೂರು ದಿನ ಧ್ಯಾನಕ್ಕೆ ಹೋಗಿದ್ದೆನಲ್ಲ? ಅದು ಸಂತ ಬೆನೆಡಿಕ್ಟರ ಸನ್ಯಾಸಿ ಸಭೆಯವರದು. ರಾತ್ರಿ ಪ್ರಾರ್ಥನೆಯಾದ ಮೇಲೆ ಯಾರೂ ಮಾತಾಡಬಾರದು ಅಂತ ಬೆನೆಡಿಕ್ಟರು 6ನೇ ಶತಮಾನದಲ್ಲೇ ನಿಯಮ ಬರೆದಿಟ್ಟರು. ಆದರೆ ಅತಿಥಿ ಬಂದರೆ, ಅವರಿಗೆ ಏನಾದರೂ ಬೇಕಾದರೆ, ಮೆಲ್ಲಗೆ ಮಾತಾಡಬಹುದು. ಈ ವಿನಾಯಿತಿ ನನಗೆ ನಿಯಮಕ್ಕಿಂತ ಜಾಸ್ತಿ ಇಷ್ಟ.

ಮೊದಲ ದಿನ ಬರೀ ನಿದ್ದೆ. ಎರಡನೇ ದಿನ ನಿನ್ನ ಜೊತೆ ಜಗಳ! ನೀನು ನೀಟ್ ಬರೆಯಲ್ಲ ಅಂದಾಗ ಮೂರು ದಿನ ನಿನ್ನ ಹತ್ತಿರ ಮಾತು ಬಿಟ್ಟಿದ್ದೆನಲ್ಲ, ಅದೇ ಜಗಳ. ಬಾಯಿ ಮುಚ್ಚಿತ್ತು, ತಲೆಯೊಳಗೆ ನಿನ್ನನ್ನು ಬೈಯುತ್ತಲೇ ಇದ್ದೆ.

ಈಜಿಪ್ಟಿನ ಮರಳುಗಾಡಿನಲ್ಲಿ ಹಿಂದೆ ಪೊಯಿಮೆನ್ ಅಂತ ಒಬ್ಬ ಸನ್ಯಾಸಿ ಇದ್ದರು. ಬಾಯಿ ಮುಚ್ಚಿ ಕೂತವನು ಮನಸ್ಸಿನಲ್ಲಿ ಇನ್ನೊಬ್ಬರ ತಪ್ಪೆಣಿಸುತ್ತಿದ್ದರೆ ಅವನು ಎಡೆಬಿಡದೆ ವಟಗುಟ್ಟುತ್ತಿದ್ದಾನೆ. ಬೆಳಗಿನಿಂದ ಸಂಜೆವರೆಗೂ ಮಾತಾಡುವ ಇನ್ನೊಬ್ಬ ಬೇಕಾದ್ದನ್ನಷ್ಟೇ ಆಡಿದರೆ ಅವನೇ ಮೌನಿ. ಇದು ಅವರ ಮಾತು. ನೆನಪಾಗಿ ಮುಖ ಬಿಸಿಯಾಯಿತು. ನಮ್ಮ ಮನೆಯಲ್ಲಿ ಮಾತು ಬಿಡುವುದೇ ದೊಡ್ಡ ಶಿಕ್ಷೆ, ಅಲ್ವಾ? ನಿಮ್ಮಜ್ಜಿ ನನಗೆ ಕೊಟ್ಟರು, ನಾನು ನಿನಗೆ ಕೊಟ್ಟೆ.

ಸಂಜೆ ಕೂತು ಬೈಬಲಿನ ಪ್ರವಾದಿ ಎಲೀಯನ ಕಥೆ ಓದಿದೆ. ರಾಣಿ ಈಜೆಬೆಲಳಿಗೆ ಹೆದರಿ ಓಡಿಬಂದು, ಸಾಕಪ್ಪಾ ಸಾಯುತ್ತೇನೆ ಅಂತ ಒಂದು ಗಿಡದ ಕೆಳಗೆ ಮಲಗುತ್ತಾನಲ್ಲ, ಅವನಿಗೆ ದೇವರು ಮೊದಲು ಕೊಟ್ಟಿದ್ದು ಉಪದೇಶ ಅಲ್ಲ. ಕೆಂಡದ ರೊಟ್ಟಿ, ನೀರು, ಮತ್ತೆ ನಿದ್ದೆ. ನಿನಗೂ ಕೂತಾಗ ತೂಕಡಿಕೆ ಬಂದರೆ ಹೋಗಿ ಮಲಗು, ಏನೂ ತಪ್ಪಿಲ್ಲ.

ಆಮೇಲೆ 40 ದಿನ ನಡೆದು ಹೋರೇಬ್ ಬೆಟ್ಟ. ಗಾಳಿ, ಭೂಕಂಪ, ಬೆಂಕಿ, ಕೊನೆಗೆ ದೇವರ ಆ ಮೆಲುದನಿ. ಇಷ್ಟು ವರ್ಷ ನಾನು ಮೆಲುದನಿಯ ಹತ್ತಿರವೇ ನಿಂತುಬಿಡುತ್ತಿದ್ದೆ. ಅದಾದ ಮೇಲೆ ದೇವರು ಹೇಳಿದ್ದನ್ನು ನೋಡು: ಇಲ್ಲೇನು ಮಾಡುತ್ತಿದ್ದೀಯ ಅಂತ ಒಂದು ಪ್ರಶ್ನೆ. ಮೊದಲೂ ಅದನ್ನೇ ಕೇಳಿದ್ದ. ಎಲೀಯನೂ ಮೊದಲಿನ ದೂರನ್ನೇ ಅಕ್ಷರಕ್ಕೆ ಅಕ್ಷರ ಒಪ್ಪಿಸುತ್ತಾನೆ. ಆಗಲೇ ಹೇಳಿದೆಯಲ್ಲ ಅಂತ ದೇವರು ಗದರುವುದಿಲ್ಲ. ಎರಡು ಸಲವೂ ಪೂರ್ತಿ ಕೇಳಿಸಿಕೊಳ್ಳುತ್ತಾನೆ.

ನಾನು ನಿನ್ನದನ್ನು ಒಂದು ಸಲವೂ ಕೇಳಿಸಿಕೊಳ್ಳಲಿಲ್ಲ.

ಹಾಗಾಗಿ ಅರ್ಧ ಗಂಟೆ ಬೇಡ, ಹತ್ತು ನಿಮಿಷ ಕೂರು. ಮೆಸ್ ಬಿಲ್ಲು ಬಂದರೆ ಅದನ್ನೇ ದೇವರಿಗೆ ಹೇಳು. ನಾಳೆಯೂ ಅದೇ ಬಂದರೆ ಮತ್ತೆ ಹೇಳು.

ಭಾನುವಾರ ಪೂಜೆ ಮುಗಿಸಿ ಫೋನ್ ಮಾಡ್ತೀಯಾ? ಆವತ್ತು ನೀನು ಅಡುಗೆಮನೆ ಬಾಗಿಲಲ್ಲಿ ನಿಂತು "ಅಮ್ಮಾ, ಯಾಕಂದ್ರೆ..." ಅಂತ ಶುರು ಮಾಡಿದ್ದೆ. ನಾನು ಕುಕ್ಕರ್ ಇಟ್ಟು ಬೆನ್ನು ತಿರುಗಿಸಿದೆ. ಅಲ್ಲಿಂದಲೇ ಹೇಳು.

ನಿನ್ನ ಅಮ್ಮ